ಕನ್ನಡಿಗೆ ಹಚ್ಚಿದ ವಿಭೂತಿ

ಕಳೆದ ತಿಂಗಳು ಸೂಳೆಕೆರೆಯ ದಂಡೆಯಲ್ಲಿ ಮೀನುಗಾರನೊಬ್ಬ ತೆಪ್ಪವನ್ನು ಬೋರಲು ಹಾಕಿಕೊಂಡು ಅದರ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಒಲೆಯ ಮೇಲೊಂದು ಮಸಿ ಹಿಡಿದ ತಗಡಿನ ಡಬ್ಬಿ. ಕುದಿಯುತ್ತಿದ್ದ ಡಾಂಬರಿಗೆ ಅವನು ಒಂದು ಉಂಡೆ ರಾಳ ಹಾಕಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತುಬಿಟ್ಟೆ. ಕೆರೆ ತೋರಿಸಲೆಂದು ಕರೆತಂದಿದ್ದ ಶಾಲೆಯ ಮಕ್ಕಳು ಆಗಲೇ ತೂಬಿನ ಕಡೆ ಓಡಿದ್ದರು.

"ಏನ್ರೀ ಮೇಡಂ, ಘಾಟಿಗೆ ತಲೆ ತಿರುಗ್ತೇನ್ರೀ? ಈ ಕಡೆ ನೆಳ್ಳಿಗೆ ಬರ್ರಿ" ಅಂದ ಅವನು.

"ಇಲ್ಲಪ್ಪ, ವಾಸನೆ ಚೆನ್ನಾಗೈತೆ" ಅಂದೆ.

ಡಾಂಬರಿನ ವಾಸನೆ ಚೆನ್ನಾಗಿದೆ ಅನ್ನುವ ಮೇಷ್ಟರಮ್ಮನನ್ನು ಅವನು ಜೀವನದಲ್ಲಿ ಕಂಡಿರಲಿಕ್ಕಿಲ್ಲ. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದ. ನನ್ನ ಮನಸ್ಸು ಮಾತ್ರ ಕೆರೆ ದಾಟಿ, ದಾವಣಗೆರೆಯನ್ನೂ ದಾಟಿ, ಜಗಳೂರಿನ ಒಂದು ಹಿತ್ತಲಿಗೆ ಹೋಗಿ ಕೂತಿತ್ತು. ಅಲ್ಲಿ ಒಂದು ವರ್ಷ ನಾನು, ಗಿರಿಜಕ್ಕ, ಅವರ ತಾಯಿ ಹಾಲಮ್ಮ ಸೇರಿ ದುರ್ಬೀನು ಮಾಡಿದ್ದೆವು.

ನನಗೆ ಜಗಳೂರಿಗೆ ವರ್ಗವಾದಾಗ ನಮ್ಮ ಹೊನ್ನಾಳಿಯ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಹೊಳೆ ದಂಡೆಯ ಊರಿನವರಿಗೆ ನೀರಿಲ್ಲದ ಊರೆಂದರೆ ಊರೇ ಅಲ್ಲ. ನ್ಯಾಮತಿಯಿಂದ ಅತ್ತಿಗೆ ಫೋನು ಮಾಡಿ, "ಅಲ್ಲಿ ಕುಡಿಯಾಕಾದ್ರೂ ನೀರೈತೇನೇ ಸುಮಾ?" ಎಂದು ಕೇಳಿದ್ದರು. ಹೆಸರಿನಲ್ಲೇ ಜಗಳ ಇಟ್ಟುಕೊಂಡ ಊರು, ಹೋಗಿ ನೋಡೋಣ ಎಂದು ನಾನು ಗಂಟುಮೂಟೆ ಕಟ್ಟಿದೆ. ಆ ಮೂಟೆಯ ತಳದಲ್ಲಿ ಎರಡು ದಪ್ಪ ಗಾಜಿನ ಬಿಲ್ಲೆಗಳು ಮತ್ತು ಸಾಣೆ ಪುಡಿಯ ಪೊಟ್ಟಣಗಳು ಇದ್ದವು. ವಿಜ್ಞಾನ ಶಿಕ್ಷಕರ ತರಬೇತಿಯೊಂದರಲ್ಲಿ ದುರ್ಬೀನಿನ ಕನ್ನಡಿ ಉಜ್ಜುವುದು ಹೇಗೆ ಎಂದು ಕಲಿಸಿ, ಮನೆಯಲ್ಲಿ ಮಾಡಿ ಎಂದು ಕೊಟ್ಟು ಕಳಿಸಿದ್ದರು. ಹೊನ್ನಾಳಿಯಲ್ಲಿ ಅವು ಮಂಚದ ಕೆಳಗೆ ವರ್ಷಗಟ್ಟಲೆ ಧೂಳು ತಿಂದಿದ್ದವು.

ನಾನು ಬಾಡಿಗೆಗೆ ಹಿಡಿದದ್ದು ನಮ್ಮದೇ ಶಾಲೆಯ ಕನ್ನಡ ಮೇಡಂ ಗಿರಿಜಕ್ಕನ ಮನೆಯ ಮುಂದಿನ ಕೋಣೆ. ಅವರು ನನಗಿಂತ ಹತ್ತಾರು ವರ್ಷ ದೊಡ್ಡವರು, ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವರು ಮತ್ತು ತಾಯಿ ಹಾಲಮ್ಮ ಇಬ್ಬರೇ. ಹಾಲಮ್ಮನ ಹಣೆಯ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಮೂರು ಬೆರಳಿನ ವಿಭೂತಿ ಅಳಿಸದೆ ಇರುತ್ತಿತ್ತು. ಬೆವರು ಸುರಿಸಿಕೊಂಡು ರೊಟ್ಟಿ ತಟ್ಟಿದರೂ ಅದು ಹೇಗೆ ಉಳಿಯುತ್ತದೆ ಎಂದು ನಾನು ಕೇಳಿದ್ದೆ. "ಒದ್ದೆ ಮಾಡಿ ಹಚ್ಚಬೇಕವ್ವ, ಕಚ್ಚಿಕೊಂತೈತೆ" ಅಂದಿದ್ದರು. ಎಲ್ಲಕ್ಕೂ ಯಾಕೆ, ಹೇಗೆ ಎಂದು ಕೇಳುವುದು ನನ್ನ ಹುಟ್ಟುಗುಣ. ಅದಕ್ಕೇ ನಮ್ಮಪ್ಪ ನನ್ನನ್ನು ಪೊಲೀಸಮ್ಮ ಅನ್ನುತ್ತಿದ್ದರು.

ಜಗಳೂರಿನ ಆಕಾಶ ನೋಡಿ ನಾನು ಮರುಳಾದೆ. ಅಡ್ಡ ನಿಲ್ಲಲು ಮರವಿಲ್ಲ, ಗುಡ್ಡ ದೂರ. ಮೋಡ ಬಂದರೂ ನೆಂಟರ ಹಾಗೆ ಮುಖ ತೋರಿಸಿ ಹೋಗುತ್ತಿತ್ತು. ಊರಿನವರ ಬಾಯಲ್ಲಿ ಮಾತ್ರ ಮಳೆಯದೇ ಮಾತು. ಸ್ಟಾಫ್‌ರೂಮಿನಲ್ಲಿ ದಿನಾ ಅದೇ: ಮೃಗಶಿರ ಕೈ ಕೊಟ್ಟಿತು, ಆರಿದ್ರಾ ಏನು ಮಾಡುತ್ತದೋ, ಹೋದ ವರ್ಷ ಹುಬ್ಬೆ ಹೇಗೆ ಹುಯ್ದಿತ್ತು ನೋಡಿ. ಒಂದು ದಿನ ನನಗೆ ತಡೆಯಲಾಗಲಿಲ್ಲ. ಇವೆಲ್ಲ ನಕ್ಷತ್ರದ ಹೆಸರಲ್ಲವೇ, ಆರಿದ್ರಾ ಆಕಾಶದಲ್ಲಿ ಎಲ್ಲಿದೆ, ಯಾರಾದರೂ ತೋರಿಸಿ ಎಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ವರ್ಷವಿಡೀ ನಕ್ಷತ್ರಗಳ ಹೆಸರು ಹೇಳಿಕೊಂಡು ಬಿತ್ತುವ, ಬೈಯುವ, ಕಾಯುವ ಜನ ತಲೆ ಎತ್ತಿ ಅವನ್ನು ಹುಡುಕಿರಲೇ ಇಲ್ಲ.

ಕೊನೆಗೆ ಎಲ್ಲರೂ ಗಿರಿಜಕ್ಕನ ಕಡೆ ತಿರುಗಿದರು. ಅವರು ಅಶ್ವಿನಿಯಿಂದ ರೇವತಿಯವರೆಗೆ ಒಂದೇ ಉಸಿರಿನಲ್ಲಿ ಹೇಳಿ, ನಗುತ್ತಾ, "ಆಕಾಶದಾಗೆ ಎಲ್ಲಿ ಅಂತ ಕೇಳಬ್ಯಾಡ ಸುಮಾ, ಪುಸ್ತಕದಾಗೆ ಎಲ್ಲಿ ಅಂತ ಕೇಳು" ಅಂದರು. ನಾನೂ ನಕ್ಕೆ.

ಅದಾಗಿ ಕೆಲವು ದಿನಕ್ಕೆ, ರಾತ್ರಿ ಊಟದ ಹೊತ್ತಿಗೆ ಕರೆಂಟು ಹೋಯಿತು. ನಾನು ಮಾಳಿಗೆ ಹತ್ತಿ ನಿಂತಿದ್ದೆ. ಗಿರಿಜಕ್ಕ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ನಿಂತರು. "ಎಷ್ಟೊಂದು ನಕ್ಷತ್ರ ಅಲ್ಲಾ ಅಕ್ಕ?" ಎಂದು ನಾನು ಸುಮ್ಮನೆ ಅಂದೆ. ಹಾಗೆ ಅನ್ನುವಷ್ಟರಲ್ಲಿ ಪಡುವಣದಿಂದ ಮೋಡ ಎದ್ದು ಆಕಾಶವನ್ನೆಲ್ಲ ಮುಚ್ಚುತ್ತಾ ಬಂತು. ಒಂದು ನಿಮಿಷದಲ್ಲಿ ಒಂದು ಚುಕ್ಕಿಯೂ ಉಳಿಯಲಿಲ್ಲ.

ಗಿರಿಜಕ್ಕ ತಲೆ ಎತ್ತಿ ನೋಡುತ್ತಲೇ ಇದ್ದರು. "ಹೌದೌದು, ಎಷ್ಟು ಚೆಂದ ಮಿನುಗಾಕೆ ಹತ್ಯಾವೆ ನೋಡು" ಅಂದರು.

ನಾನು ಒಮ್ಮೆ ಆಕಾಶ ನೋಡಿದೆ, ಒಮ್ಮೆ ಅವರ ಕಡೆ ನೋಡಿದೆ. ಬೇರೆ ಯಾರಾದರೂ ಸುಮ್ಮನಿರುತ್ತಿದ್ದರು. ಪೊಲೀಸಮ್ಮ ಸುಮ್ಮನಿರಬೇಕಲ್ಲ. "ಅಕ್ಕ, ಮೋಡ ಕವಿದೈತೆ. ಒಂದೂ ಇಲ್ಲ" ಅಂದುಬಿಟ್ಟೆ.

ಅವರು ನನ್ನ ಮೊಣಕೈ ಹಿಡಿದುಕೊಂಡರು. "ನಾನು ಒಂದು ನಕ್ಷತ್ರಾನೂ ನೋಡಿಲ್ಲ ಸುಮಾ. ಹುಟ್ಟಿದಾಗಿನಿಂದ. ಚಂದ್ರ ಕಾಣ್ತಾನೆ, ಅಷ್ಟೇ. ಎಲ್ರೂ ಅಗೋ ಅಗೋ ಅಂತಾರೆ, ನಾನೂ ಹೂಂ ಅಂತೀನಿ" ಅಂದರು.

ಹುಟ್ಟಿನಿಂದಲೇ ಇರುಳುಗುರುಡು. ಹಗಲಿನಲ್ಲಿ ಎದುರಿಗಿರುವುದು ಸ್ಪಷ್ಟವಾಗಿಯೇ ಕಾಣುತ್ತಿತ್ತು, ಆದರೆ ಅಕ್ಕಪಕ್ಕದ್ದು ವರ್ಷ ಕಳೆದಂತೆ ಕಿರಿದಾಗುತ್ತಾ ಬಂದು, ಈಗ ಪೈಪಿನೊಳಗಿಂದ ನೋಡಿದ ಹಾಗೆ ನಡುವಿನ ಒಂದು ವೃತ್ತ ಮಾತ್ರ ಉಳಿದಿತ್ತು. ಆ ವೃತ್ತವೂ ಕಿರಿದಾಗುತ್ತಾ ಹೋಗುತ್ತದೆ, ಅದಕ್ಕೆ ಔಷಧ ಇಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಗಂಡು ನೋಡಲು ಬರುತ್ತಿದ್ದ ಕಾಲದಲ್ಲಿ ಹಾಲಮ್ಮ ಈ ವಿಷಯ ಮುಚ್ಚಿಟ್ಟಿದ್ದರು. ಮದುವೆಯೂ ಆಗಲಿಲ್ಲ, ಮುಚ್ಚಿಡುವ ಅಭ್ಯಾಸವೂ ಹೋಗಲಿಲ್ಲ. ಶಾಲೆಯ ಸಂಜೆ ಕಾರ್ಯಕ್ರಮಗಳಿಗೆಲ್ಲ ಗಿರಿಜಕ್ಕ ತಲೆನೋವು ಎಂದು ಯಾಕೆ ತಪ್ಪಿಸಿಕೊಳ್ಳುತ್ತಾರೆ ಎಂಬುದು ನನಗೆ ಅಂದು ತಿಳಿಯಿತು.

"ಮಕ್ಕಳಿಗೆ ಕೃತ್ತಿಕೆ ಅಂದ್ರೆ ಆರು ಜನ ತಾಯಂದಿರು, ಷಣ್ಮುಖಗೆ ಹಾಲು ಕುಡಿಸಿದೋರು, ಆಕಾಶದಾಗೆ ಆರು ಚುಕ್ಕಿ ಒಂದೇ ಕಡೆ ಕೂತಿರ್ತಾವೆ ಅಂತ ಪಾಠ ಮಾಡ್ತೀನಿ. ಹೇಳಾಕೆ ನಾಚಿಕೆ ಆಗ್ತೈತೆ. ಕಣ್ಣು ಪೂರಾ ಹೋಗಾಕೆ ಮುಂಚೆ ಅದನ್ನೊಂದು ನೋಡಬೇಕು ಅಂತ ಆಸೆ" ಅಂದರು. ಆ ಮಾತು ಕೇಳುತ್ತಿದ್ದಂತೆ ನನ್ನ ತಲೆಯೊಳಗೆ ಗಾಜಿನ ಬಿಲ್ಲೆಗಳು ಉರುಳತೊಡಗಿದವು.

ದುರ್ಬೀನು ದೂರದ್ದನ್ನು ಹತ್ತಿರ ತರುತ್ತದೆ ಎಂದು ನಾವೆಲ್ಲ ಹೇಳಿಕೊಡುತ್ತೇವೆ. ಅದರ ಮೊದಲ ಕೆಲಸ ಬೆಳಕು ಕೂಡಿಸುವುದು. ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಗಿರಿಜಕ್ಕನಿಗೆ ಒಂದು ಚಮಚ ಮತ್ತು ಒಂದು ಹರಿವಾಣ ತೋರಿಸಿದೆ. ಮಳೆ ಹನಿಯುವಾಗ ಎರಡನ್ನೂ ಹೊರಗಿಟ್ಟರೆ ಹರಿವಾಣದಲ್ಲಿ ಹೆಚ್ಚು ನೀರು ನಿಲ್ಲುತ್ತದೆ. ಕಣ್ಣಿನ ಪಾಪೆ ಈ ಚಮಚ, ನಾವು ಮಾಡುವ ಕನ್ನಡಿ ಹರಿವಾಣ, ಹರಿವಾಣದಲ್ಲಿ ನಿಂತದ್ದನ್ನೆಲ್ಲ ಚಮಚಕ್ಕೆ ಸುರಿಯುತ್ತೇವೆ ಎಂದೆ. ನಿನ್ನ ಕಣ್ಣಿಗೆ ಒಂದು ನಕ್ಷತ್ರದ ಬೆಳಕು ಸಾಲದಿದ್ದರೆ ಅದನ್ನು ನೂರಾರು ಪಟ್ಟು ಮಾಡಿ ಕೊಡೋಣ. ಕಾಣುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ನೋಡಬೇಕು ಅಂತ ನನಗೂ ಆಸೆಯಿದೆ ಎಂದೂ ಹೇಳಿದೆ. ಹಾಲಮ್ಮ ಹರಿವಾಣ ಕಿತ್ತುಕೊಂಡು, "ಮಳೆ ಇಲ್ಲದ ಊರಾಗೆ ಒಳ್ಳೆ ಲೆಕ್ಕ ಹೇಳಿಕೊಡ್ತೀಯವ್ವ" ಅಂದರು.

ಆರಿದ್ರಾ ಮಳೆ ಹನಿದೂ ಹನಿಯದ ಹಾಗೆ ಹೋಗುತ್ತಿದ್ದಾಗ ಉಜ್ಜಲು ಶುರುಮಾಡಿದೆವು. ಹಿತ್ತಲಿನಲ್ಲಿ ಒಂದು ಡ್ರಮ್ಮಿಗೆ ಕಲ್ಲು ತುಂಬಿ ಅಲ್ಲಾಡದಂತೆ ನಿಲ್ಲಿಸಿ, ಅದರ ಮೇಲೆ ಒಂದು ಬಿಲ್ಲೆ ಕೂರಿಸಿದೆವು. ಅದರ ಮೇಲೆ ಸಾಣೆ ಪುಡಿ, ಮೊದಲು ತರಿಯದು, ಬರಬರುತ್ತಾ ನಯವಾದದ್ದು; ಒಂದಿಷ್ಟು ನೀರು, ಮೇಲೆ ಇನ್ನೊಂದು ಬಿಲ್ಲೆ. ಮೇಲಿನದನ್ನು ಮುಂದೆ ತಳ್ಳಬೇಕು, ಹಿಂದೆ ಎಳೆಯಬೇಕು, ಒಂಚೂರು ತಿರುಗಿಸಬೇಕು, ನಾವು ಡ್ರಮ್ಮಿನ ಸುತ್ತ ಒಂದು ಹೆಜ್ಜೆ ಸರಿಯಬೇಕು. ಇಷ್ಟೇ. ಈ ಕೆಲಸದಲ್ಲಿ ನನ್ನನ್ನು ಇಂದಿಗೂ ಬೆರಗುಗೊಳಿಸುವ ವಿಷಯವೊಂದಿದೆ. ಚಪ್ಪಟೆ ಗಾಜಿನ ಮೇಲೆ ಚಪ್ಪಟೆ ಗಾಜು ಉಜ್ಜುತ್ತಾ ಹೋದರೆ ಮೇಲಿನದು ತಾನಾಗಿ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಯಾರೂ ಅಚ್ಚು ಕೊಡುವುದಿಲ್ಲ. ಕಡೆಗೆ ಆಗುವ ತಗ್ಗು ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಮಾತ್ರ, ಆದರೆ ಅದು ಎಲ್ಲ ಕಡೆಯೂ ಒಂದೇ ಗೋಲದ ತುಂಡು.

ಹಾಲಮ್ಮನಿಗೆ ಡ್ರಮ್ಮು ಸುತ್ತುವುದು ಒಪ್ಪಿಗೆಯಾಗಲಿಲ್ಲ. "ಒಂದು ಕಡೆ ಕುಂತು ಬೀಸಬೇಕು. ಹಿಂಗೆ ಪ್ರದಕ್ಷಿಣೆ ಹಾಕ್ತಾರೇನು?" ಎನ್ನುತ್ತಿದ್ದರು. ಒಂದೇ ಕಡೆಯಿಂದ ಉಜ್ಜಿದರೆ ಸೊಟ್ಟಗಾಗುತ್ತದೆ ಎಂದು ವಿವರಿಸಿದೆ. ಮರುದಿನದಿಂದ ಅವರೂ ಸುತ್ತತೊಡಗಿದರು, ಬೀಸುವ ಪದ ಹೇಳಿಕೊಂಡು, ಸೆರಗು ಸಿಕ್ಕಿಸಿಕೊಂಡು. ಗಿರಿಜಕ್ಕ ಸಂಜೆ ಮಬ್ಬಾದ ಮೇಲೂ ಕೆಲಸ ಬಿಡುತ್ತಿರಲಿಲ್ಲ. ಇದಕ್ಕೆ ಕಣ್ಣು ಬೇಕಾಗಿರಲಿಲ್ಲ. ಹೊಸ ಪುಡಿ ಹಾಕಿದಾಗ ಕರಕರ ಸದ್ದು, ಪುಡಿ ಸವೆದಂತೆ ಮೆತ್ತಗಾಗಿ ಕೊನೆಗೆ ರೇಷ್ಮೆ ಸೀರೆ ಸರಿದಂಥ ಸದ್ದು. ಸದ್ದು ಕೇಳಿಯೇ ಅವರು ಪುಡಿ ಬದಲಿಸುತ್ತಿದ್ದರು.

ಕಾಟ ಕೊಟ್ಟದ್ದು ಆಷಾಢದ ಗಾಳಿ. ನಯವಾದ ಪುಡಿಗೆ ಬಂದ ಮೇಲೆ ಒಂದೇ ಒಂದು ದಪ್ಪ ಮರಳಿನ ಕಣ ನಡುವೆ ಸಿಕ್ಕರೂ ಗೀರು ಬಿದ್ದು ವಾರದ ಕೆಲಸ ಹಾಳು. ಜಗಳೂರಿನ ಗಾಳಿಯಲ್ಲಿ ಮರಳಿಗೇನು ಬರ? ಎರಡು ಸಲ ಗೀರು ಬಿದ್ದು, ಎರಡು ಸಲವೂ ಹಿಂದಿನ ಪುಡಿಗೆ ಹೋದೆವು. ಮೂರನೇ ಸಲ ಡ್ರಮ್ಮನ್ನೇ ಉರುಳಿಸಿಕೊಂಡು ಹೋಗಿ ಬಚ್ಚಲುಮನೆಯೊಳಗೆ ಇಟ್ಟೆವು. ಮಘೆ ಮಳೆಯ ಹೊತ್ತಿಗೆ ಗಾಜು ಹಾಲಿನ ಕೆನೆಯ ಬಣ್ಣಕ್ಕೆ ಬಂತು.

ಆಮೇಲೆ ಹೊಳಪು ಕೊಡುವ ಕೆಲಸ, ಅದಕ್ಕೇ ಈ ರಾಳದ ವಾಸನೆ. ಉಬ್ಬಿದ ಬಿಲ್ಲೆಯ ಮೇಲೆ ಡಾಂಬರು ಮತ್ತು ರಾಳ ಕರಗಿಸಿ ಹುಯ್ದು, ಅದರ ಮೇಲೆ ಕನ್ನಡಿಯಾಗುವ ಬಿಲ್ಲೆಯನ್ನು ನಯವಾದ ಪುಡಿಯೊಂದಿಗೆ ಉಜ್ಜಬೇಕು. ಆ ಪಾಕ ಮೇಣದಂತೆ ಮೆತ್ತಗಿರಬಾರದು, ಗಾಜಿನಂತೆ ಗಟ್ಟಿಯೂ ಇರಬಾರದು. ಉಗುರು ಊರಿ ಒತ್ತಿದರೆ ನಿಧಾನವಾಗಿ ಗುರುತು ಬೀಳಬೇಕು. ನಾನು ಮಾಡಿದ್ದು ಮೊದಲ ಸಲ ಪಟಪಟ ಒಡೆಯಿತು. ಹಾಲಮ್ಮ ತಲೆಗೆ ಹಚ್ಚುವ ಹರಳೆಣ್ಣೆ ಒಂದು ಚಮಚ ಹಾಕಿ ನೋಡು ಅಂದರು. ಎರಡು ಚಮಚ ಹಾಕಿ ಕೆಡಿಸಿಕೊಂಡೆ. ಮೂರನೇ ಪಾಕ ಸರಿಹೋಯಿತು. ಮನೆಯ ಅನ್ನ, ಸಾರು, ನಮ್ಮ ಜಡೆ, ಕಡೆಗೆ ಮಕ್ಕಳ ಉತ್ತರ ಪತ್ರಿಕೆಗಳು ಕೂಡ ಅದೇ ವಾಸನೆ ಹೊಡೆಯುತ್ತಿದ್ದವು.

ಕನ್ನಡಿ ಸರಿಯಾಗಿದೆಯೇ ಎಂದು ನೋಡಲು ಕತ್ತಲ ಕೋಣೆ ಬೇಕು. ಸೂಜಿ ಚುಚ್ಚಿದಷ್ಟು ತೂತಿನಿಂದ ಬೆಳಕು ಬಿಟ್ಟು, ಅದು ಕನ್ನಡಿಗೆ ಬಡಿದು ವಾಪಸ್ಸು ಬರುವ ಜಾಗದಲ್ಲಿ ಬ್ಲೇಡು ಅಡ್ಡ ಹಿಡಿದರೆ ಕನ್ನಡಿಯ ಮೇಲಿನ ತಗ್ಗು ದಿನ್ನೆಗಳೆಲ್ಲ ನೆರಳಾಗಿ ಕಾಣುತ್ತವೆ. ಕೂದಲಿನ ದಪ್ಪದ ನೂರಾರು ಪಾಲಿನಲ್ಲಿ ಒಂದು ಪಾಲಿನಷ್ಟು ದಿನ್ನೆಯೂ ಬೆಟ್ಟದ ಹಾಗೆ ಎದ್ದು ನಿಲ್ಲುತ್ತದೆ. ಉತ್ತರೆ ಮಳೆಯ ಒಂದು ಸಂಜೆ ಕಿಟಕಿಗೆ ಕಂಬಳಿ ಕಟ್ಟಿ ನೋಡಿದೆ. ಬೂದು ಬಣ್ಣದ ಪುಟ್ಟ ಚಂದ್ರನಂತೆ ಕನ್ನಡಿ ಬೆಳಗಿತು. ನನಗೆ ಕುಣಿಯುವಂತಾಯಿತು.

"ಬಾ ಅಕ್ಕ, ನೋಡು!" ಎಂದು ಗಿರಿಜಕ್ಕನನ್ನು ಕೂರಿಸಿದೆ. ಅವರು ನೋಡಿದರು. ತಲೆ ಆ ಕಡೆ ಈ ಕಡೆ ಸರಿಸಿ ನೋಡಿದರು. ಕಡೆಗೆ ಎದ್ದು, "ಏನೂ ಇಲ್ಲ ಸುಮಾ" ಅಂದರು.

ಮರುದಿನ ಅವರು ಡ್ರಮ್ಮಿನ ಹತ್ತಿರ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಇದಿನ್ನೂ ಬರೀ ಗಾಜು, ಬಿದ್ದ ಬೆಳಕಿನ ನೂರರಲ್ಲಿ ನಾಲ್ಕು ಪಾಲು ಮಾತ್ರ ವಾಪಸ್ಸು ಕೊಡುತ್ತದೆ, ಅಲ್ಯುಮಿನಿಯಂ ಲೇಪ ಹಾಕಿಸಿದ ಮೇಲೆ ಮುಕ್ಕಾಲಿಗಿಂತ ಹೆಚ್ಚು ಕೊಡುತ್ತದೆ ಎಂದು ನಾನು ಬಾಗಿಲ ಬಳಿ ನಿಂತು ಹೇಳಿದೆ. ಅವರು ಪುಸ್ತಕದಿಂದ ಮುಖ ಎತ್ತಲಿಲ್ಲ. "ನಿನಗೆ ಇದು ಪ್ರಯೋಗ ಸುಮಾ. ನನಗೆ ಹಂಗಲ್ಲ" ಅಂದರು. ಆ ಮಾತು ನನಗೆ ತಾಗಿತು. ಅಂಚಿನಲ್ಲಿ ಇನ್ನೊಂದಿಷ್ಟು ಹೊಳಪು ಬಾಕಿಯಿತ್ತು, ಒಬ್ಬಳೇ ಉಜ್ಜಿದೆ. ನಾಲ್ಕನೆಯ ದಿನ ಬಚ್ಚಲುಮನೆಯ ಬಾಗಿಲಲ್ಲಿ ನೆರಳು ಬಿತ್ತು. "ಸದ್ದು ಸರಿಯಿಲ್ಲ. ನೀರು ಕಮ್ಮಿ ಆಗೈತೆ" ಎನ್ನುತ್ತಾ ಗಿರಿಜಕ್ಕ ಚೊಂಬು ಹಿಡಿದು ಒಳಗೆ ಬಂದರು.

ಕನ್ನಡಿ ಲೇಪಕ್ಕೆಂದು ಬೆಂಗಳೂರಿಗೆ ಹೋಗಿದ್ದಾಗ ದುರ್ಬೀನಿನ ಕೊಳವೆಗೆ ಪೈಪು ಹುಡುಕಿದೆವು. ಜಗಳೂರಿನಲ್ಲಿ ಯಾವುದಕ್ಕೆ ಬರವಿದ್ದರೂ ಬೋರ್‌ವೆಲ್ ಪೈಪಿಗಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ನೀಲಿ ಬಣ್ಣದ ಕೇಸಿಂಗ್ ಪೈಪಿನ ಒಂದು ತುಂಡು ಕೇಳಿದೆ.

"ನಾಕಡಿ ಪೈಪಿಗೆ ನೀರು ಬೀಳ್ತೇನ್ರೀ ಮೇಡಂ? ಇಲ್ಲಿ ಏಳುನೂರು ಅಡಿ ಹೋದ್ರೂ ಧೂಳೇ ಬರೋದು" ಅಂದ ಅಂಗಡಿಯವನು.

"ನಾವು ಮೇಲಕ್ಕೆ ಕೊರೆಸ್ತೀವಿ" ಅಂದೆ.

ಈ ಮಾತು ನಾವು ಮನೆ ಮುಟ್ಟುವುದರೊಳಗೆ ಊರಿಗೆ ಮುಟ್ಟಿತು. ಆಕಾಶಕ್ಕೆ ಬೋರು ಹಾಕಿಸುವ ಮೇಡಂಗಳು ಎಂದು ನಮಗೆ ಹೆಸರಾಯಿತು. ದಾರಿಯಲ್ಲಿ ಸಿಕ್ಕವರೆಲ್ಲ "ಬಿತ್ತೇನ್ರೀ?" ಎಂದು ಕೇಳುವರು. ಆ ಸೀಮೆಯಲ್ಲಿ ಬರೀ 'ಬಿತ್ತು' ಎಂದರೆ ಸಾಕು, ಬೋರಿಗೆ ನೀರು ಬಿತ್ತು ಎಂದೇ ಅರ್ಥ. ಆ ಒಂದು ಮಾತಿಗಾಗಿ ಜನ ಲಾರಿಯ ಪಕ್ಕ ರಾತ್ರಿಯೆಲ್ಲ ನಿಂತಿರುತ್ತಾರೆ. ಗಿರಿಜಕ್ಕ ನಗುತ್ತಾ, "ಇನ್ನೂ ಇಲ್ರೀ, ಕೊರೆಸ್ತಿದೀವಿ" ಎನ್ನುವರು. ನಗುವಾಗ ಅವರ ಕೈ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿರುತ್ತಿತ್ತು.

ದಸರೆಯ ಮುಂಚೆ ಕನ್ನಡಿ ಬಂತು. ಥರ್ಮೊಕೋಲ್ ಬಿಡಿಸಿ ನೋಡಿದರೆ ನಾವು ಕಳಿಸಿದ ಗಾಜು ಇದೇನಾ ಅನ್ನಿಸುವಷ್ಟು ಥಳಥಳ ಹೊಳೆಯುತ್ತಿತ್ತು. ಅದರ ಮೇಲಿನ ಲೇಪ ಎಷ್ಟು ತೆಳು ಎಂದರೆ ಬೆರಳು ಮುಟ್ಟಿಸಲೂ ಭಯ. ಮರದ ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಟ್ರಂಕಿನ ಮೇಲಿಟ್ಟು, ರಜೆಗೆ ನಾನು ಹೊನ್ನಾಳಿಗೆ ಹೋದೆ.

ಬನ್ನಿ ಸೊಪ್ಪು ಹಿಡಿದುಕೊಂಡು ವಾಪಸ್ಸು ಬಂದಾಗ, ನಾನು ಇಲ್ಲೇ ಬಿಟ್ಟುಹೋಗಿದ್ದ ಸ್ಕೂಟರಿಗೆ ಹೂವಿನ ಹಾರ, ಚಕ್ರಕ್ಕೆ ನಿಂಬೆಹಣ್ಣು. ಹೊಲಿಗೆ ಮಿಷನ್ನಿಗೆ, ಕುಡುಗೋಲಿಗೆ, ಒನಕೆಗೆ, ಗಿರಿಜಕ್ಕನ ಪೆನ್ನಿಗೆ, ಎಲ್ಲಕ್ಕೂ ವಿಭೂತಿ ಕುಂಕುಮ. ಆಯುಧ ಪೂಜೆಯನ್ನು ಹಾಲಮ್ಮ ಯಾವುದನ್ನೂ ಬಿಡದೆ ಮಾಡಿದ್ದರು. ಟ್ರಂಕಿನ ಮೇಲೆ ಡಬ್ಬಿಯ ಮುಚ್ಚಳ ತೆಗೆದಿತ್ತು. ಕನ್ನಡಿಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಹಳದಿ ಸೇವಂತಿಗೆ.

"ಈ ವರ್ಷ ನಮ್ಮನೆಯಾಗೆ ಮುಖ್ಯ ಆಯುಧ ಅಂದ್ರೆ ಅದೇ ಅಲ್ಲೇನವ್ವಾ?" ಎಂದು ಹಾಲಮ್ಮ ಸಂಭ್ರಮದಿಂದ ಹೇಳಿದರು. "ಚೆನ್ನಾಗಿ ಒದ್ದೆ ಮಾಡಿ ಹಚ್ಚೀನಿ. ಕಚ್ಚಿಕೊಂಡೈತೆ. ಗಿರಿಜಾಗೆ ಕಣ್ಣು ಕೊಡಪ್ಪ ಅಂತ ಕೇಳಿಕೊಂಡೀನಿ."

ಬೂದಿಯಲ್ಲಿ ಕ್ಷಾರ ಇರುತ್ತದೆ, ಒದ್ದೆ ಬೂದಿ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ ಎಂದು ನಾನೇ ಒಂಬತ್ತನೇ ಕ್ಲಾಸಿಗೆ ಪಾಠ ಮಾಡುವವಳು. ಅವರು ಅಡಿಗೆಮನೆಗೆ ಹೋದ ಮೇಲೆ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಮೆಲ್ಲಗೆ ಸುರಿದು ತೊಳೆದೆ. ವಿಭೂತಿ ಹೋಯಿತು, ಅದರೊಂದಿಗೆ ಲೇಪವೂ ಹೋಯಿತು. ಕನ್ನಡಿ ಎತ್ತಿ ಹಿಡಿದರೆ ಮೂರು ಗೆರೆಗಳ ಆಚೆ ನನ್ನ ಅಂಗೈ ಕಾಣುತ್ತಿತ್ತು. ಅಳು ಬಂತು, ನಗುವೂ ಬಂತು, ಹಾಲಮ್ಮನ ಮೇಲೆ ಸಿಟ್ಟು ಮಾತ್ರ ಬರಲಿಲ್ಲ.

ಗಿರಿಜಕ್ಕ ಕನ್ನಡಿಯನ್ನು ಬೆಳಕಿಗೆ ಹಿಡಿದು ನೋಡಿದರು. ಮೊದಲು ಅವರು ಹೇಳಿದ್ದು, "ಅಮ್ಮಗೆ ಗೊತ್ತಾಗಬಾರದು." ಆಮೇಲೆ ಕೇಳಿದರು, "ಆಕಾಶದ ಮೇಲೂ ಮೂರು ಗೆರೆ ಕಾಣ್ತಾವೇನು?"

ಕಾಣುವುದಿಲ್ಲ, ಅದೇ ಇದರ ಚಮತ್ಕಾರ ಎಂದೆ. ಕನ್ನಡಿಯ ಒಂದೊಂದು ಚೂರಿಗೂ ನಕ್ಷತ್ರ ಪೂರ್ತಿಯಾಗಿ ಕಾಣುತ್ತಿರುತ್ತದೆ. ಒಡೆದು ಅರ್ಧ ಮಾಡಿದರೂ ಅರ್ಧ ಚಂದ್ರ ಬರುವುದಿಲ್ಲ, ಪೂರ್ತಿ ಚಂದ್ರನೇ ಬರುತ್ತಾನೆ, ಸ್ವಲ್ಪ ಮಂಕಾಗಿ. ಗೆರೆಗಳು ತಿಂದದ್ದು ಬೆಳಕನ್ನು ಮಾತ್ರ.

"ಎಷ್ಟು ತಿಂದಾವೆ?"

"ಆರರಾಗೆ ಒಂದು ಪಾಲು ಇರಬೌದು."

"ನನಗೆ ಬೇಕಾಗಿದ್ದೇ ಬೆಳಕು" ಅಂದರು ಅವರು ಮೆಲ್ಲಗೆ. ಮತ್ತೆ ಲೇಪ ಹಾಕಿಸಲು ಕಳಿಸಿದರೆ ಯಾಕೆ ಎಂದು ಹಾಲಮ್ಮ ಕೇಳುತ್ತಾರೆ. ಆ ತಿಂಗಳೇ ಡಾಕ್ಟರು ಎಡಗಣ್ಣಿನ ವೃತ್ತ ಇನ್ನಷ್ಟು ಕಿರಿದಾಗಿದೆ ಎಂದಿದ್ದರು. ಇದ್ದ ಹಾಗೇ ನೋಡಿಬಿಡೋಣ ಎಂದು ಇಬ್ಬರೂ ನಿರ್ಧರಿಸಿದೆವು.

ದೀಪಾವಳಿ ಕಳೆದ ಮೇಲೆ, ಕಾರ್ತಿಕದ ಒಂದು ಸಂಜೆ, ಕೃತ್ತಿಕೆ ಮೂಡಣದಲ್ಲಿ ಒಂದಾಳೆತ್ತರ ಏರಿದ ಹೊತ್ತು. ಮಾಳಿಗೆಯ ಮೇಲೆ ನೀಲಿ ಪೈಪು ನಿಂತಿತ್ತು, ತಳದಲ್ಲಿ ನಮ್ಮ ಕನ್ನಡಿ, ಬಾಯಿಯ ಹತ್ತಿರ ಪಕ್ಕದ ತೂತಿನಲ್ಲಿ ಕಣ್ಣಿಡುವ ಮಸೂರ. ಶಾಲೆಯ ಮುರಿದ ಬೆಂಚಿನ ಹಲಗೆಯಲ್ಲಿ ಅದಕ್ಕೆ ತಿರುಗುವ ಪೆಟ್ಟಿಗೆ ಮಾಡಿಸಿದ್ದೆ. ನಾನು ಮೊದಲು ನೋಡಿ ಕೃತ್ತಿಕೆಯನ್ನು ನಡುವಿಗೆ ತಂದೆ. ಕಪ್ಪು ಸೀರೆಯ ಮೇಲೆ ಹರಳು ಚೆಲ್ಲಿದ ಹಾಗಿತ್ತು, ಗೆರೆಯ ಸುಳಿವೂ ಇರಲಿಲ್ಲ. ಹಾಲಮ್ಮ ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದರು.

ಗಿರಿಜಕ್ಕ ಬಗ್ಗಿ ಕಣ್ಣಿಟ್ಟರು. "ಏನೂ ಇಲ್ಲ."

ನನಗೆ ಕತ್ತಲ ಕೋಣೆಯ ಸಂಜೆ ನೆನಪಾಯಿತು, ಮೂರು ಗೆರೆಗಳು ನೆನಪಾದವು. "ಸರಿಯಾಗಿ ನೋಡೇ" ಎಂದು ಹಾಲಮ್ಮ ಮೆಲ್ಲಗೆ ಗದರಿದರು. ಗಿರಿಜಕ್ಕನ ತಲೆ ಕಣ್ಣಿಡುವ ತೂತಿನ ಮೇಲೆ ಆ ಕಡೆ ಈ ಕಡೆ ಅಲೆಯುತ್ತಿತ್ತು. ಅದನ್ನು ನೋಡುತ್ತಿದ್ದಾಗ ನನಗೆ ಹೊಳೆಯಿತು. ದುರ್ಬೀನಿನಿಂದ ಬೆಳಕು ಹೊರಬರುವುದು ಮೆಣಸಿನ ಕಾಳಿನಷ್ಟು ಜಾಗದಲ್ಲಿ. ಕಿರಿದಾದ ಕಣ್ಣಿಗೆ ಕತ್ತಲೆಯಲ್ಲಿ ಆ ಜಾಗವೇ ಸಿಕ್ಕುತ್ತಿಲ್ಲ. ಒಂದು ಬಿಳಿ ಪಂಚೆಯನ್ನು ಪೈಪಿನ ಬಾಯಿಗೆ ಕಟ್ಟಿ, ಅದರ ಮೇಲೆ ಮೊಬೈಲಿನ ಟಾರ್ಚು ಬಿ‌ಟ್ಟೆ. "ಈಗ?"

"ಬೆಳ್ಳಗೆ ರೌಂಡಾಗಿ ಕಾಣ್ತೈತೆ."

"ಅಲ್ಲೇ ಇರು. ಅಲ್ಲಾಡಬ್ಯಾಡ. ಅಮ್ಮಾ, ಅಕ್ಕನ ಗದ್ದ ಹಿಡ್ಕೊಳ್ರಿ." ಹಾಲಮ್ಮ ಎರಡೂ ಕೈಯಿಂದ ಮಗಳ ಗದ್ದ ಹಿಡಿದರು. ನಾನು ಟಾರ್ಚು ಆರಿಸಿ, ಪಂಚೆ ಬಿಚ್ಚಿ, ದುರ್ಬೀನನ್ನು ಕೂದಲೆಳೆಯಷ್ಟು ಸರಿಸಿದೆ. ಆ ಕತ್ತಲೆಗೆ ಅವರ ಕಣ್ಣು ಹೊಂದಿಕೊಳ್ಳುವವರೆಗೆ ಕಾಯಬೇಕಿತ್ತು, ಕಾದೆವು.

"ಬಿತ್ತು" ಅಂದರು ಗಿರಿಜಕ್ಕ.

ಪಿಸುಮಾತಿನಲ್ಲಿ ಅಂದರು, ನನಗೆ ಸರಿಯಾಗಿ ಕೇಳಿಸಲಿಲ್ಲ. ಹಾಲಮ್ಮನಿಗೆ ಕೇಳಿಸಿತು. "ಬಿತ್ತೇನೇ? ಗಿರಿಜಾ, ಬಿತ್ತೇನೇ?"

"ಬಿತ್ತಮ್ಮಾ! ಒಂದು... ಎಲ್ಡು... ಅಯ್ಯೋ ಇಲ್ಲೊಂದೈತೆ... ಓಡಾಕೆ ಹತ್ಯಾವೆ ಸುಮಾ, ಹಿಡಿ ಹಿಡಿ!"

"ಅವು ಓಡ್ತಿಲ್ಲ ಅಕ್ಕ, ಓಡ್ತಿರೋದು ಭೂಮಿ" ಎನ್ನುತ್ತಾ ನಾನು ಪೈಪು ಸರಿಸುತ್ತಾ ಹೋದೆ. ಅವರು ಎಣಿಸುತ್ತಾ ಹೋದರು. ಆರು ದಾಟಿತು. ಏಳು, ಎಂಟು. ನಾನು ಬರಿಗಣ್ಣಿನಲ್ಲಿ ಮೇಲೆ ನೋಡಿದೆ, ನನಗೆ ಆರೇ ಕಂಡವು. ಹನ್ನೊಂದಕ್ಕೆ ಎಣಿಕೆ ನಿಂತಿತು. "ಇಷ್ಟು ವರ್ಷ ಮಕ್ಕಳಿಗೆ ಆರು ಅಂತ ತಪ್ಪು ಪಾಠ ಮಾಡೀನಲ್ಲೇ ಸುಮಾ" ಎಂದು ಹೇಳಿ ಅಳುತ್ತಾ ನಗುತ್ತಾ ಅಲ್ಲೇ ಕುಳಿತುಬಿಟ್ಟರು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ?

ಹಾಲಮ್ಮ ಮಾತ್ರ ಅಳಲಿಲ್ಲ. ಸೆರಗಿನಿಂದ ಮಗಳ ಮುಖ ಒರೆಸಿ, ನೀಲಿ ಪೈಪಿಗೆ ಕೈ ಮುಗಿದು, ನನ್ನ ಕಡೆ ತಿರುಗಿದರು. "ನೋಡಿದೇನವ್ವಾ? ಅವತ್ತು ಕತ್ತಲ ಕೋಣ್ಯಾಗೆ ಇವಳಿಗೆ ಏನೂ ಕಾಣಲಿಲ್ಲ. ಇವತ್ತು ಕಾಣ್ತು. ನಡುವೆ ನಾನು ವಿಭೂತಿ ಹಚ್ಚಿದ್ದೆ."

ವಿಜ್ಞಾನ ಮೇಡಂ ಬಾಯಿ ತೆರೆದಳು. ಗಿರಿಜಕ್ಕ ಕತ್ತಲೆಯಲ್ಲೇ ನನ್ನ ಮೊಣಕೈ ಹುಡುಕಿ ಹಿಡಿದು ಚಿವುಟಿದರು. ನಾನು ಬಾಯಿ ಮುಚ್ಚಿದೆ.

ಈಗ ನಾನು ಚನ್ನಗಿರಿ ತಾಲ್ಲೂಕಿನಲ್ಲಿದ್ದೇನೆ. ದುರ್ಬೀನು ಜಗಳೂರಿನ ಮಾಳಿಗೆಯಲ್ಲೇ ಇದೆ. ಮಕ್ಕಳು ತೂಬಿನಿಂದ ವಾಪಸ್ಸು ಬರುವ ಮುಂಚೆ, ಡಾಂಬರಿನ ಹೊಗೆಯಲ್ಲೇ ನಿಂತು ಗಿರಿಜಕ್ಕನಿಗೆ ಫೋನು ಮಾಡಿದೆ. ಎಲ್ಲಿದ್ದೇನೆ, ಯಾವ ವಾಸನೆ ಬರುತ್ತಿದೆ ಊಹಿಸು ಎಂದೆ. ಒಂದೇ ಸಲಕ್ಕೆ ಹೇಳಿದರು. ಕಣ್ಣು ಹೇಗಿದೆ ಎಂದು ಕೇಳಿದೆ.

"ಇನ್ನೂ ಸಣ್ಣದಾಗೈತೆ" ಅಂದರು. "ಮುಂಚೆ ನಾಕೈದು ಒಟ್ಟಿಗೆ ಬಂದು ಗಲಿಬಿಲಿ ಮಾಡ್ತಿದ್ವು. ಈಗ ಒಂದು ಸಲಕ್ಕೆ ಒಂದೇ ಕಾಣ್ತೈತೆ. ಎಣಿಸಾಕೆ ಸಲೀಸು."

ಈ ರಜೆಗೆ ಬರುತ್ತೇನೆ, ಕನ್ನಡಿಗೆ ಹೊಸ ಲೇಪ ಹಾಕಿಸಿ ತರೋಣ, ಆರರಲ್ಲೊಂದು ಪಾಲು ಬೆಳಕು ಹೆಚ್ಚು ಸಿಗುತ್ತದೆ ಎಂದೆ.

"ಬ್ಯಾಡ. ಅಮ್ಮ ಪ್ರತಿ ದಸರಾಕ್ಕೂ ಕೇಳ್ತಾಳೆ, ನಾನು ಹಚ್ಚಿದ್ದು ಐತೇನೇ ಇನ್ನೂ ಅಂತ."

"ನೀನೇನಂತೀಯ?"

"ಐತಮ್ಮ, ಇನ್ನೂ ಅಳಿಸಿಲ್ಲ ಅಂತೀನಿ. ಸುಳ್ಳೇನಲ್ಲವಲ್ಲ" ಅಂದರು ಗಿರಿಜಕ್ಕ.